ಚಿಕ್ಕಬೈರಪ್ಪನವರ ಬಿಳಿ ಬಂಪರ್

ನಮ್ಮ ಮನೆ ಮಾಲೀಕರಾದ ಚಿಕ್ಕಬೈರಪ್ಪನವರು ಗೇಟಿನ ಕಂಬಕ್ಕೆ ಕಾರು ತಾಗಿಸಿದ್ದು ಒಂದು ಗುರುವಾರ ಬೆಳಿಗ್ಗೆ. ಅವರ ಮಗ ಶಿವರಾಮ್ ಹೆಂಡತಿ ಮಕ್ಕಳನ್ನು ಕರೆದುಕೊಂಡು ತನ್ನ ದೊಡ್ಡ ಕಾರಿನಲ್ಲಿ ಧರ್ಮಸ್ಥಳಕ್ಕೆ ಹೊರಟು ಆಗಿನ್ನೂ ಎರಡು ಗಂಟೆಯೂ ಆಗಿರಲಿಲ್ಲ. ನಾನು ಎರಡನೇ ಮಹಡಿಯಲ್ಲಿ ಮಗುವಿನ ಬಟ್ಟೆ ಒಣಹಾಕುತ್ತಿದ್ದೆ. ಕರ್ ಎಂದು ಉದ್ದಕ್ಕೆ ಸದ್ದಾಯಿತು. ಬಗ್ಗಿ ನೋಡಿದರೆ ಅವರ ಹಳೆಯ ಬಿಳಿ ಕಾರು ಅರ್ಧ ಗೇಟಿನ ಒಳಗೆ, ಅರ್ಧ ಹೊರಗೆ ನಿಂತಿತ್ತು. ಮುಂದಿನ ಬಂಪರಿನ ಎಡ ಮೂಲೆ ಕಲ್ಲುಕಂಬಕ್ಕೆ ಒರಗಿತ್ತು.

ನಾನು ಮಗುವನ್ನು ಎತ್ತಿಕೊಂಡು ಕೆಳಗಿಳಿದು ಹೋದಾಗ ಅವರು ಪಂಚೆ ಎತ್ತಿ ಕಟ್ಟಿ ಕಂಬವನ್ನೇ ದಿಟ್ಟಿಸುತ್ತಿದ್ದರು.

"ಈ ಕಂಬಾನೇ ಈಚೆಗೆ ಬಂದಂಗೈತೆ ಕಣಮ್ಮ" ಎಂದರು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ನನ್ನ ನಾಲಿಗೆ ಸ್ವಲ್ಪ ಚುರುಕು, ಲಿಂಗಸುಗೂರಿನ ನಮ್ಮ ಮನೆಯಲ್ಲಿ ಅದಕ್ಕಾಗಿ ಬೈಸಿಕೊಂಡೇ ಬೆಳೆದವಳು ನಾನು. ಆದರೆ ಮುದುಕರ ಮುಖ ನೋಡಿ ಸುಮ್ಮನಾದೆ. ಎಪ್ಪತ್ತೆರಡು ವರ್ಷದ ಮನುಷ್ಯ ಪರೀಕ್ಷೆಯಲ್ಲಿ ಫೇಲಾದ ಹುಡುಗನ ಹಾಗೆ ನಿಂತಿದ್ದರು.

ಕಾರಣ ಬೀದಿಗೆಲ್ಲ ಗೊತ್ತಿತ್ತು. ಹಿಂದಿನ ತಿಂಗಳು ಅವರು ಹಾಲಿನ ಬೂತಿನ ಮುಂದೆ ಜೋಡಿಸಿಟ್ಟಿದ್ದ ಕ್ರೇಟುಗಳನ್ನು ಉರುಳಿಸಿದ್ದರು. ಆ ದಿನ ಶಿವರಾಮ್ ರಸ್ತೆಯಲ್ಲೇ ನಿಂತು ಹೇಳಿದ್ದ: "ಅಪ್ಪ, ಇನ್ನೊಂದ್ ಗೀರು ಕಂಡ್ರೆ ಕೀ ನನ್ ಕೈಗೆ ಬರ್ಬೇಕು. ಆಮೇಲೆ ಕಾರು ಮಾರೋದೇ." ಶಿವರಾಮ್ ಕೆಟ್ಟವನಲ್ಲ. ಕಬ್ಬಿಣ, ಸಿಮೆಂಟಿನ ಅಂಗಡಿ ನಡೆಸಿ ನಡೆಸಿ ಅವನ ದನಿಯೇ ಜೋರಾಗಿಬಿಟ್ಟಿತ್ತು, ಅಷ್ಟೆ. ಕಣ್ಣು ತೋರಿಸಿಕೋ ಎಂದು ಎರಡು ವರ್ಷದಿಂದ ಅಪ್ಪನ ಹಿಂದೆ ಬಿದ್ದಿದ್ದ. "ಕಣ್ಣಿಗೇನಾಗೈತೆ, ಸೂಜಿಗೆ ದಾರ ಪೋಣಿಸ್ಲಾ?" ಎಂದು ಅಪ್ಪ ಸವಾಲು ಹಾಕುತ್ತಿದ್ದರು. ಸೂಜಿ ಮಾತ್ರ ಯಾರೂ ತಂದು ಕೊಡುತ್ತಿರಲಿಲ್ಲ.

ಆ ಕಾರಿನ ಬಗ್ಗೆ ಸ್ವಲ್ಪ ಹೇಳಬೇಕು. ಚಿಕ್ಕಬೈರಪ್ಪನವರು ಹುಳಿಮಾವಿನ ಹಳೆಯ ಊರಿನವರು. ಕೆರೆಯ ಮಗ್ಗುಲಲ್ಲಿ ಅವರ ರಾಗಿ ಹೊಲವಿತ್ತು. ಈಗ ಅಲ್ಲಿ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ಇದೆ, ಅದರ ಈಜುಕೊಳ ಇರುವ ಕಡೆ ತಮ್ಮ ಕಣ ಇತ್ತು ಎಂದು ಅವರು ತೋರಿಸುತ್ತಾರೆ. ಹೊಲ ಹೋದ ಮೇಲೆ ಎತ್ತುಗಳಿಗೆ ಕೆಲಸವಿಲ್ಲದೆ ಅವನ್ನೂ ಕೊಟ್ಟರು. ಎತ್ತು ಹೋದ ವಾರ ಅವರು ಊಟ ಬಿಟ್ಟಿದ್ದರಂತೆ. ಆಗ ಕೊಂಡದ್ದು ಈ ಕಾರು. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತರು. ಈಗಲೂ ತಿರುವಿನಲ್ಲಿ ಕಾರಿಗೆ "ಹೋಯ್, ಹೋಯ್" ಎನ್ನುತ್ತಾರೆ. ಶುಕ್ರವಾರ ಹೆಂಡತಿ ಲಕ್ಷ್ಮಮ್ಮನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಯನಗರದ ನಾಲ್ಕನೇ ಬ್ಲಾಕಿಗೆ ಹೋಗಿ ಹೂವು, ವೀಳ್ಯದೆಲೆ ತರುವುದು ಅವರ ದೊಡ್ಡ ಪ್ರಯಾಣ. ಉಳಿದ ದಿನ ಬೀದಿಯಲ್ಲಿ ಯಾರು ಕೇಳಿದರೂ ಡ್ರಾಪ್ ಕೊಡುತ್ತಾರೆ. ಕೇಳದವರಿಗೂ ಕೊಡುತ್ತಾರೆ.

ನನಗೂ ಕೊಟ್ಟಿದ್ದರು. ಏಳು ತಿಂಗಳ ಹಿಂದೆ, ಮಧ್ಯಾಹ್ನ ಮೂರು ಗಂಟೆಗೆ ನನಗೆ ಹೆರಿಗೆ ನೋವು ಶುರುವಾದಾಗ ನನ್ನ ಗಂಡ ಬಸವಂತ ತಾನು ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬಿನಲ್ಲಿ ಡ್ಯೂಟಿಯಲ್ಲಿದ್ದ. ಎರಡು ಕ್ಯಾಬ್ ಕ್ಯಾನ್ಸಲ್ ಆದವು. ನಾನು ಮೆಟ್ಟಿಲ ಮೇಲೆ ಕೂತು ನಮ್ಮವ್ವನನ್ನು ಕರೆದು ಅಳುತ್ತಿದ್ದೆ. ಮುದುಕರು ಬನಿಯನ್ನಿನಲ್ಲೇ ಓಡಿಬಂದು ಕಾರು ತೆಗೆದರು. ಬನ್ನೇರುಘಟ್ಟ ರಸ್ತೆಯ ಆ ಟ್ರಾಫಿಕ್ಕಿನಲ್ಲಿ ಹಾರ್ನಿನ ಮೇಲಿಂದ ಕೈ ತೆಗೆಯದೆ ಆಸ್ಪತ್ರೆ ಮುಟ್ಟಿಸಿದರು. ಲಕ್ಷ್ಮಮ್ಮನವರು ಹಿಂದಿನ ಸೀಟಿನಲ್ಲಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಅಂದು ಹುಟ್ಟಿದವನು ಸುಶ್ರುತ. ಆ ಹೆಸರು ಮುದುಕರ ಬಾಯಲ್ಲಿ ಸುಸ್ರು ಆಗಿದೆ. ಅಂಥವರ ಕೈಯಿಂದ ಕೀ ಹೋಗುವುದನ್ನು ನಾನು ನೋಡಲಾರೆ.

"ಗ್ಯಾರೇಜಿಗೆ ಒಯ್ಯೂಣ್ರಿ ಅಜ್ಜಾರ" ಎಂದೆ.

"ಇಲ್ಲಿರೋ ಗ್ಯಾರೇಜೆಲ್ಲ ಶಿವರಾಮನ ಬಾಡಿಗೆದಾರ್ರು. ನಾನ್ ಬಾಗ್ಲು ದಾಟೋಕ್ ಮುಂಚೆ ಫೋನ್ ಹೋಯ್ತದೆ."

ಶಿವರಾಮ್ ಬರುವುದು ಭಾನುವಾರ ಸಂಜೆ. ನನ್ನ ಫೋನಿನಲ್ಲಿ ಬಂಪರಿಗೆ ಮನೆಯಲ್ಲೇ ಬಣ್ಣ ಹೊಡೆಯುವ ವೀಡಿಯೊ ಹುಡುಕಿದೆ. ಮೂರು ನೋಡಿದೆವು. ನಾಲ್ಕನೆಯದು ಶುರುವಾಗುವಷ್ಟರಲ್ಲಿ ಮುದುಕರು ಎದ್ದುನಿಂತರು. ಅವರ ಮುಖಕ್ಕೆ ಕಳೆ ಬಂದಿತ್ತು.

"ಇದು ಕೊಂಬು ಹೆರಿಯೋ ಕೆಲ್ಸ ಕಣಮ್ಮ" ಎಂದರು. "ಸಂಕ್ರಾಂತಿಗ್ ಮುಂಚೆ ಎತ್ತಿನ್ ಕೊಂಬನ್ನ ಗಾಜಿನ್ ಚೂರಲ್ಲಿ ಹೆರೀತಿದ್ವಿ. ಆಮೇಲೆ ಇಟ್ಟಿಗೆ ಪುಡಿ ಹಾಕಿ ಬಟ್ಟೇಲ್ ಉಜ್ಜೋದು. ಆಮೇಲೆ ಬಣ್ಣ. ನಮ್ ಎತ್ತಿನ್ ಕೊಂಬಲ್ಲಿ ಮೊಕ ಕಾಣ್ತಿತ್ತು."

ಮನೆಯ ಪಕ್ಕದ ಶೆಡ್ಡಿಗೆ ಕಾರು ತಳ್ಳಿದೆವು. ಧೂಳು ಬೀಳಬಾರದೆಂದೂ ಬೀದಿಯವರು ನೋಡಬಾರದೆಂದೂ ಮೂರು ಕಡೆ ನೀಲಿ ಟಾರ್ಪಾಲು ಕಟ್ಟಿದೆವು. ಲಕ್ಷ್ಮಮ್ಮನವರು ಸೋಪಿನ ನೀರು ತಂದರು. ನಾನು ಮನೆಯಿಂದಲೇ ಇನ್ಶೂರೆನ್ಸ್ ಕಂಪನಿಯ ಕೆಲಸ ಮಾಡುವವಳು. ಒಂದು ಕಾಲ್ ಮುಗಿಸಿ ಇಳಿಯುವುದು, ಹತ್ತಿ ಇನ್ನೊಂದು ಕಾಲ್ ತೆಗೆದುಕೊಳ್ಳುವುದು, ಹೀಗೆ ಆ ದಿನ ಮೆಟ್ಟಿಲು ತುಳಿದೆ.

ಮುದುಕರು ಹಿಂದೆ ಗೇಟಿಗೆ ಬಣ್ಣ ಹೊಡೆದಾಗ ಉಳಿದಿದ್ದ ವಾಟರ್ ಪೇಪರ್ ಎಂಬ ಉಜ್ಜುಕಾಗದವನ್ನು ನೀರಿನಲ್ಲಿ ಅದ್ದಿ ಬಂಪರನ್ನು ಉಜ್ಜತೊಡಗಿದರು. ಮೊದಲು ಒರಟು ಕಾಗದ, ಆಮೇಲೆ ನಯವಾದದ್ದು. ನಾನಾಗಿದ್ದರೆ ಹತ್ತು ನಿಮಿಷದಲ್ಲಿ ಮುಗಿಸಿ ಕೈ ತೊಳೆಯುತ್ತಿದ್ದೆ. ಅವರು ಎರಡು ಗಂಟೆ ಉಜ್ಜಿದರು. ಆಗಾಗ ನಿಲ್ಲಿಸಿ ಕಣ್ಣು ಮುಚ್ಚಿ ಹೆಬ್ಬೆರಳನ್ನು ಗೀರಿನ ಮೇಲೆ ಎಳೆಯುತ್ತಿದ್ದರು. "ಇಲ್ಲಿ ಇನ್ನೂ ಐತೆ" ಎನ್ನುತ್ತಿದ್ದರು. ನಾನು ಬಗ್ಗಿ ಎಷ್ಟು ನೋಡಿದರೂ ಅಲ್ಲೇನೂ ಕಾಣುತ್ತಿರಲಿಲ್ಲ. ಬೆರಳಿಟ್ಟರೆ ಕೂದಲೆಳೆಯಷ್ಟು ತಗ್ಗು ಸಿಗುತ್ತಿತ್ತು. ಅವರ ಕೈಗೆ ನಾನು ಮರುಳಾದೆ. ಕಣ್ಣು ಯಾಕೆ ಮುಚ್ಚುತ್ತಾರೆ ಎಂದು ಮಾತ್ರ ಕೇಳಲಿಲ್ಲ.

ಉಜ್ಜುತ್ತಿದ್ದಂತೆ ನೀರು ಹಾಲಿನ ಹಾಗೆ ಬೆಳ್ಳಗೆ ಇಳಿಯತೊಡಗಿತು. ಲವಂಗದ ವಾಸನೆ ಬಂತು. ಮುದುಕರು ಮೂಗರಳಿಸಿದರು.

"ಏನೇ ಇದು, ಪೇಸ್ಟ್ ವಾಸ್ನೆ?"

ಲಕ್ಷ್ಮಮ್ಮನವರು ಬಕೆಟ್ಟಿನೊಳಗೆ ನೋಡುತ್ತಾ, "ಹಲ್ಲುಜ್ಜಿ ಅಲ್ಲೇ ಉಗೀತೀರಲ್ಲ, ಅದ್ಕೆ" ಎಂದರು.

ಉತ್ತರ ಚೆನ್ನಾಗಿತ್ತು, ಆದರೆ ಬಂಪರಿನ ಉದ್ದಕ್ಕೂ ಯಾರೂ ಉಗಿಯುವುದಿಲ್ಲ. ಕಾಫಿ ತರುವ ನೆಪದಲ್ಲಿ ಅವರ ಹಿಂದೆ ಅಡುಗೆಮನೆಗೆ ಹೋದೆ. ನಾನು ಕೇಳುವ ಮೊದಲೇ ಆಕೆ ಹೇಳಿಬಿಟ್ಟರು. ಗಂಡ ಎಲ್ಲಾದರೂ ಕಾರು ತಾಗಿಸಿದಾಗೆಲ್ಲ, ಅವರಿಗೂ ಮಗನಿಗೂ ಕಾಣದ ಹಾಗೆ ಗೀರಿಗೆ ಪೇಸ್ಟ್ ತುಂಬಿ ಒರೆಸುತ್ತಿದ್ದರಂತೆ. ಮಳೆ ಬಂದರೆ ಮತ್ತೆ ತುಂಬುವುದು. ಒಂದು ವರ್ಷದಿಂದ ಹೀಗೇ ನಡೆದಿತ್ತು.

"ಎಷ್ಟು ಸಲ ರೀ ಅಮ್ಮಾರ?"

"ಎಣಿಸಿಲ್ಲ ಕಣಮ್ಮ. ಹೊಲ ಹೋಯ್ತು, ಎತ್ತು ಹೋದ್ವು. ಈಗ ಅವ್ರ ಮಾತು ಕೇಳೋದು ಅದೊಂದೇಯ. ಅದನ್ನೂ ಕಿತ್ಕೊಂಡ್ರೆ ಆ ಮನುಷ್ಯ ಬೆಳಿಗ್ಗೆ ಎದ್ದು ಯಾವ್ ಕಡೆ ಹೋಗ್ತದೆ?"

ಕಾಫಿ ಲೋಟ ಹಿಡಿದುಕೊಂಡು ಹೊರಗೆ ಬಂದೆ. ಅಂದಿನಿಂದ ಆ ಮನೆಯ ಗುಟ್ಟಿನಲ್ಲಿ ನಾನೂ ಪಾಲುದಾರಳಾದೆ.

ಸಂಜೆ ಗೀರಿಗೆ ಪುಟ್ಟಿ ತುಂಬಿದ ಮೇಲೆ ಮುದುಕರು ಬಸ್ಸು ಹತ್ತಿ ಬಿಟಿಎಂ ಕಡೆ ಪೇಂಟ್ ಅಂಗಡಿಗೆ ಹೋದರು. ನಾನೂ ಬರುತ್ತೇನೆ ಎಂದರೆ ಒಪ್ಪಲಿಲ್ಲ, ಮಗುವಿಗೆ ಹೊಗೆ ಎಂದರು. ಗುರುತಿಗೆ ಬಂಪರಿನಿಂದ ಕಿತ್ತುಬಂದಿದ್ದ ಬಣ್ಣದ ಚಕ್ಕೆಯೊಂದನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಿದ್ದರು. ಏಳು ಗಂಟೆಗೆ ಪ್ರೈಮರು, ಬಣ್ಣ, ಕ್ಲಿಯರ್ ಎಂದು ಸ್ಪ್ರೇ ಡಬ್ಬಿಗಳನ್ನು ಚೀಲದಲ್ಲಿ ತಂದರು.

"ಅಂಗಡಿಯೋನು ನಾಲ್ಕ್ ಥರ ಬಿಳಿ ತೋರಿಸ್ದ. ಚಕ್ಕೆ ಇಟ್ಟು ನೋಡಿ ನಾನೇ ಆರಿಸ್ದೆ. ಒಂದ್ ಚೂರೂ ಆಚೀಚೆ ಇಲ್ಲ" ಎಂದು ಹೆಮ್ಮೆಪಟ್ಟರು.

ಶುಕ್ರವಾರ ಬಣ್ಣ. ಜಯನಗರದ ಹೂವು ಆ ವಾರ ಇಲ್ಲ, ದೇವರಿಗೆ ಹಿತ್ತಲ ದಾಸವಾಳವೇ ಗತಿಯಾಯಿತು. ಹೆಡ್‌ಲೈಟಿಗೂ ಬಾನೆಟ್ಟಿಗೂ ಹಳೇ ಪೇಪರ್ ಅಂಟಿಸಿದೆವು. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಬಣ್ಣ ಸಣ್ಣಗೆ ಹಾರುತ್ತದೆ ಎಂದು ವೀಡಿಯೊ ಹೇಳಿತ್ತು. ಲಕ್ಷ್ಮಮ್ಮನವರು ಅದನ್ನು ಸುಸ್ರುವಿನ ಸ್ನಾನದ ನೀರಿನ ಹಾಗೆ ಮೊಣಕೈಯಿಂದ ಮುಟ್ಟಿ ಹದ ನೋಡಿದರು. ಮುದುಕರು ಬಂಪರಿನಿಂದ ಒಂದು ಗೇಣು ದೂರ ಡಬ್ಬಿ ಹಿಡಿದು, ಈ ತುದಿಯಿಂದ ಆ ತುದಿಗೆ ಒಂದೇ ಸಮ ಕೈ ಬೀಸಿದರು. ಬಿತ್ತನೆ ಮಾಡಿದ ಕೈ ಅದು. ಎಲ್ಲಿಯೂ ದಪ್ಪವಾಗಲಿಲ್ಲ, ಎಲ್ಲಿಯೂ ಸೋರಲಿಲ್ಲ. ಒಂದು ತೆಳು ಪದರ, ಕಾಲು ಗಂಟೆ ಕಾಯುವುದು, ಮತ್ತೊಂದು ಪದರ.

"ಒಂದೇ ಸಲ ಹೊಡದು ಮುಗಸ್ರಲಾ" ಎಂದು ನಾನು ಗೊಣಗಿದೆ.

"ಅವಸರ ಮಾಡಿದ್ರೆ ಎತ್ತು ತಲೆ ಒದರ್ತದೆ. ತಾಳಿದವನು ಬಾಳಿಯಾನು" ಎಂದರು.

ಟಾರ್ಪಾಲಿನ ನೀಲಿ ಬೆಳಕಿನಲ್ಲಿ ಮೂವರ ಮುಖವೂ ನೀಲಿಯಾಗಿತ್ತು, ಕಾರೂ ನೀಲಿಯಾಗಿತ್ತು. ಹಾಗಾಗಿ ಆಗ ಯಾರಿಗೂ ಏನೂ ತಿಳಿಯಲಿಲ್ಲ. ಮಧ್ಯಾಹ್ನ ಅದರ ಮೇಲೆ ಹೊಳಪಿಗೆಂದು ಕ್ಲಿಯರ್ ಹೊಡೆದದ್ದೂ ಆಯಿತು. ಶನಿವಾರ ಪೂರ್ತಿ ಒಣಗಲು ಬಿಟ್ಟೆವು. ಮಹಡಿಯ ಮೇಲೆ ಹುರುಳಿ ಕೇರಲು ಮೊರ ಎತ್ತಿಕೊಂಡು ಹೊರಟಿದ್ದ ಲಕ್ಷ್ಮಮ್ಮನವರನ್ನು ಮುದುಕರು ಅರ್ಧ ಮೆಟ್ಟಿಲಿನಿಂದ ವಾಪಸು ಕರೆದರು. ಹೊಟ್ಟು ಹಾರಿ ಬಂದು ಕೂತರೆ ಏನು ಗತಿ? ಟಾರ್ಪಾಲಿನ ಬಾಯಲ್ಲಿ ಕುರ್ಚಿ ಹಾಕಿಕೊಂಡು ಇಡೀ ದಿನ ನೊಣ ಕಾದರು.

ಭಾನುವಾರ ಬೆಳಿಗ್ಗೆ ಅತಿ ನಯವಾದ ಕಾಗದ, ಸೋಪಿನ ನೀರು. ಆಮೇಲೆ ಹೊಳಪಿಗೆ ಉಜ್ಜುವ ರಬ್ಬಿಂಗ್ ಕಾಂಪೌಂಡು, ಅದರ ಮೇಲೆ ವ್ಯಾಕ್ಸು. ಹಳೆಯ ಪಂಚೆಯ ತುಂಡಿನಿಂದ ಅವರು ಸುತ್ತಿ ಸುತ್ತಿ ಉಜ್ಜಿದರು. ಹನ್ನೊಂದು ಗಂಟೆಗೆ ಪೇಪರ್ ಕಿತ್ತು, ಟಾರ್ಪಾಲು ಬಿಚ್ಚಿ, ಕಾರನ್ನು ಬಿಸಿಲಿಗೆ ತಳ್ಳಿದೆವು.

ಹೊಳಪೆಂದರೆ ಹೊಳಪು. ಎದುರು ಮನೆಯ ತೆಂಗಿನ ಮರ ಅದರಲ್ಲಿ ಗರಿಗರಿಯಾಗಿ ಕಂಡಿತು. ಸುಸ್ರು ತನ್ನ ಮುಖವನ್ನು ನೋಡಿಕೊಂಡು ಕೇಕೆ ಹಾಕಿದ. ಗೀರು ಎಲ್ಲಿತ್ತೆಂದು ದೇವರೂ ಹೇಳುವಂತಿರಲಿಲ್ಲ.

ಆದರೆ ಕಾರು ಬಿಳಿ. ಬಂಪರು ಬೆಣ್ಣೆ. ಆಗ ತಾನೇ ಕಡೆದು ತೆಗೆದ ಬೆಣ್ಣೆಯ ಬಣ್ಣ.

ನಾನು ಲಕ್ಷ್ಮಮ್ಮನವರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಮುದುಕರು ಸೊಂಟಕ್ಕೆ ಕೈಯಿಟ್ಟು ಬಂಪರನ್ನೂ ಬಾನೆಟ್ಟನ್ನೂ ಸೇರಿಸಿ ನೋಡುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಕ್ಕು ಸುಮ್ಮನಾಗಬಹುದಿತ್ತು, ಆದರೆ ಇದು ಮುದ್ದಿನ ಮಾತಲ್ಲ. ಅವರಿಗೆ ನಿಜವಾಗಿ ಎರಡೂ ಒಂದೇ ಬಣ್ಣವಾಗಿ ಕಾಣುತ್ತಿತ್ತು.

"ಎಲ್ಲಿ ಗೀಚಿತ್ತು ಹೇಳಮ್ಮ ನೋಡುವ."

"ಚೆನ್ನಾಗ್ ಆಗೈತೆ" ಎಂದರು ಲಕ್ಷ್ಮಮ್ಮ, ಮೆಲ್ಲಗೆ.

"ಭಾಳ ಚಲೋ ಆಗೇತ್ರಿ" ಎಂದೆ ನಾನು. ಸುಳ್ಳು ಹೇಳಲು ಎಷ್ಟು ಹೊತ್ತು ಬೇಕು?

ಅವರು ಕುತ್ತಿಗೆಯಲ್ಲಿದ್ದ ಟವೆಲಿನಿಂದ ಕೈ ಒರೆಸಿಕೊಂಡು ಮುಂದಿನ ಬಾಗಿಲು ತೆರೆದು ಹಿಡಿದರು. "ಬಾ, ಮಗೂನ ಎತ್ಕೊಂಡು ಕೂತ್ಕೊ. ಕೆರೆ ತಂಕ ಒಂದ್ ರೌಂಡು. ಮೊದಲ್ನೇ ಸವಾರಿ ಸುಸ್ರುಗೆ."

ಮಗು ಅವರ ಕಡೆ ಎರಡೂ ಕೈ ಚಾಚಿತು. ನಾನು ಅದನ್ನು ಹಿಂದಕ್ಕೆ ಎಳೆದುಕೊಂಡೆ. ನಾಲ್ಕು ದಿನ ಅವರ ಕೀ ಉಳಿಸಲು ಒದ್ದಾಡಿದವಳು ನಾನೇ. ಶಿವರಾಮ್ ಬಂದರೆ ಏನು ಸುಳ್ಳು ಹೇಳಬೇಕೆಂದು ಕೂಡ ಯೋಚಿಸಿಟ್ಟಿದ್ದೆ. ಆದರೆ ಆ ಸೀಟಿನಲ್ಲಿ ಮಗುವನ್ನು ಹಿಡಿದು ಕೂರಲು ನನ್ನಿಂದ ಆಗಲಿಲ್ಲ. ನಾನು ಕೂರಲಾರದ ಕಾರಿನಲ್ಲಿ ಲಕ್ಷ್ಮಮ್ಮನವರು ಪ್ರತಿ ಶುಕ್ರವಾರ ಕೂರುತ್ತಾರೆ, ಮತ್ತು ರಸ್ತೆಯಲ್ಲಿ ಬೇರೆಯವರ ಮಕ್ಕಳು ಓಡಾಡುತ್ತಾರೆ.

"ನಾ ಹತ್ತಂಗಿಲ್ರಿ ಅಜ್ಜಾರ" ಎಂದೆ.

"ಯಾಕಮ್ಮ?"

"ಬಂಪರ್ ಬೆಳ್ಳಗಿಲ್ರಿ. ಬೆಣ್ಣಿ ಬಣ್ಣ ಐತಿ. ಕಾರಿಗೂ ಅದಕ್ಕೂ ಕೂಡಿಲ್ರಿ. ದೂರದಿಂದನೂ ಗೊತ್ತಾಗ್ತದ. ನಿಮಗಷ್ಟ ಗೊತ್ತಾಗವಲ್ದು."

ಅವರು ನಕ್ಕರು. ನನ್ನ ತಮಾಷೆ ಅವರಿಗೆ ಅಭ್ಯಾಸವಾಗಿತ್ತು. ನಾನು ನಗದಿದ್ದಾಗ ಹೆಂಡತಿಯ ಕಡೆ ತಿರುಗಿ, "ಏನೇ ಇವ್ಳು ಹೇಳೋದು?" ಎಂದರು.

ಲಕ್ಷ್ಮಮ್ಮನವರು ಸೆರಗನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದರು. "ನಿಜ ಕಣ್ರೀ" ಎಂದರು. "ಗೀಚಿದ್ದು ಇದೊಂದೇ ಅಲ್ಲ. ಒಂದ್ ವರ್ಷದಿಂದ ನಾನೇ ಪೇಸ್ಟ್ ತುಂಬ್ತಿದ್ದೆ."

ಮುದುಕರು ಬಾಗಿಲು ಬಿಟ್ಟು ಮುಂದೆ ಬಂದರು. ಬಗ್ಗಿ ಮುಖವನ್ನು ಬಾನೆಟ್ಟಿನ ಹತ್ತಿರ ತಂದರು, ಆಮೇಲೆ ಬಂಪರಿನ ಹತ್ತಿರ, ಮತ್ತೆ ಬಾನೆಟ್ಟಿನ ಹತ್ತಿರ. ಹೆಬ್ಬೆರಳಿನಿಂದ ಅಲ್ಲೂ ಇಲ್ಲೂ ಸವರಿದರು. ಕೂದಲೆಳೆಯಷ್ಟು ತಗ್ಗನ್ನು ಹಿಡಿಯುವ ಬೆರಳು ಅದು, ಆದರೆ ಬಣ್ಣ ಬೆರಳಿಗೆ ಸಿಗುವುದಿಲ್ಲ. ಆ ಹೊತ್ತಿನಲ್ಲಿ ನನ್ನ ನಾಲಿಗೆಯನ್ನು ಕತ್ತರಿಸಿ ಬಿಸಾಡಬೇಕು ಅನ್ನಿಸಿತು.

ಅವರು ಮೆಟ್ಟಿಲ ಮೇಲೆ ಕೂತರು. "ನಿನ್ನ ಆಸ್ಪತ್ರೆಗೆ ಕರ್ಕೊಂಡೋದಾಗ್ಲೂ ಹಿಂಗೇ ಇತ್ತೇನೋ" ಎಂದರು. "ಮುಂದಿರೋ ಗಾಡಿ ಮಸುಕ್ ಮಸುಕಾಗೇ ಕಾಣ್ತಿತ್ತು. ಬಿಸ್ಲು ಅನ್ಕೊಂಡಿದ್ದೆ."

ನನಗೆ ಅಳು ಬಂತು. ಮಗುವನ್ನು ಅವರ ತೊಡೆಯ ಮೇಲೆ ಕೂರಿಸಿ ನಾನೂ ಅದೇ ಮೆಟ್ಟಿಲ ಮೇಲೆ ಕೂತೆ.

ಸಂಜೆ ಶಿವರಾಮ್ ಬಂದ. ಅವನು ಚಪ್ಪಲಿ ಬಿಡುವ ಮೊದಲೇ ಅಪ್ಪ ಕೀ ತೆಗೆದು ಅವನ ಅಂಗೈಯಲ್ಲಿಟ್ಟರು. ಶಿವರಾಮ್ ಕೀ ನೋಡಿದ, ಗೇಟಿನ ಕಡೆ ತಿರುಗಿ ಬಂಪರ್ ನೋಡಿದ.

"ಬಣ್ಣ ತಪ್ಪೈತೆ" ಎಂದರು ಅಪ್ಪ. "ನಾಳೆ ಕಣ್ಣು ತೋರ್ಸು."

ಜಯನಗರದ ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಒಂದು ಕಣ್ಣಿನ ಆಪರೇಷನ್ ಮಾಡಿ, ತಿಂಗಳ ಮೇಲೆ ಇನ್ನೊಂದಕ್ಕೆ ಮಾಡಿದರು. ಮೊದಲ ಆಪರೇಷನ್ ಮುಗಿಸಿ ಮರುದಿನ ಪಟ್ಟಿ ತೆಗೆಸಿಕೊಂಡು ಮನೆಗೆ ಬಂದ ಮುದುಕರು ಒಳಗೆ ಹೋಗಲಿಲ್ಲ. ನೇರ ಶೆಡ್ಡಿಗೆ ಹೋಗಿ, ಡಾಕ್ಟರು ಬೇಡವೆಂದಿದ್ದರೂ ಕಪ್ಪು ಕನ್ನಡಕವನ್ನು ಹಣೆಗೇರಿಸಿದರು.

"ಥೂ, ಇಷ್ಟು ಎದ್ದು ಕಾಣ್ತೈತಾ?"

ಅವರು ಕಾರನ್ನು ಒಂದು ಸುತ್ತು ಹಾಕಿ ಬಂದು ಮತ್ತೆ ಅದರ ಮುಂದೆ ನಿಂತರು. "ಬಣ್ಣ ಹಾಳಾಗೋಗ್ಲಿ. ಹೊಳಪು ನೋಡು ಹೊಳಪು" ಎಂದರು. ಶಿವರಾಮ್ ಗ್ಯಾರೇಜಿಗೆ ಕೊಟ್ಟು ಸರಿಯಾದ ಬಿಳಿ ಹೊಡೆಸುತ್ತೇನೆ ಎಂದ.

"ಬ್ಯಾಡ. ಹಂಗೇ ಇರ್ಲಿ. ನಂಗೆ ಕಣ್ಣು ಕಾಣ್ತೈತೋ ಇಲ್ವೋ ಅಂತ ದಿನಾ ನೋಡ್ಕೊಬೋದು."

ಎರಡನೇ ಕಣ್ಣೂ ಮುಗಿದು, ಡಾಕ್ಟರು ಇನ್ನು ಗಾಡಿ ಓಡಿಸಬಹುದು ಎಂದು ಬರೆದುಕೊಟ್ಟ ದಿನ ಶಿವರಾಮ್ ತಾನೇ ಕೀ ತಂದು ಅಪ್ಪನಿಗೆ ಕೊಟ್ಟ. ಈ ಸಲ ಅವನ ದನಿ ನನಗೆ ಕೇಳಿಸಲೇ ಇಲ್ಲ, ಅಷ್ಟು ಮೆಲ್ಲಗೆ ಏನೋ ಹೇಳಿದ. ಮುದುಕರು ಕಾರಿನ ಮುಂದೆ ನಿಂತು, ಎರಡನೇ ಮಹಡಿಯ ಬಾಲ್ಕನಿಯಲ್ಲಿದ್ದ ನನಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ಕಾರು ಬಿಳಿ. ಬಂಪರು ಬೆಣ್ಣೆ. ನೀನ್ ಒಣಗಾಕ್ತಿರೋದು ಸುಸ್ರುದು ಹಳದಿ ಅಂಗಿ, ಎಡಗಡೆ ಗುಂಡಿ ಕಿತ್ತೋಗೈತೆ. ಸಾಕಾ?"

ಅಂಗಿ ನೋಡಿದೆ. ಗುಂಡಿ ಇರಲಿಲ್ಲ. ಮಗುವನ್ನು ಎತ್ತಿಕೊಂಡು ಕೆಳಗಿಳಿದೆ. ಅವರು ಬಾಗಿಲು ತೆರೆಯುವ ಮೊದಲೇ ನಾನೇ ತೆರೆದು ಮುಂದಿನ ಸೀಟಿನಲ್ಲಿ ಕೂತೆ.